ಕೈಗುಣ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ಪಂಪಯ್ಯನವರು ಬಂದವರಿಗೆಲ್ಲ ಔಷಧ ಕೊಡುತ್ತಿದ್ದರು. ಅವರ ಕೈಗುಣ ಬಲು ಚೆನ್ನ ಎಂದು ಜನ ದೂರದೂರದಿಂದ ನಡೆದು ಬರುತ್ತಿದ್ದರು.

ಶಿಷ್ಯ ಸಿದ್ಧವೀರನಿಗೆ ವೈದ್ಯದ ಓಲೆಗಳೆಲ್ಲ ಬಾಯಿಪಾಠ. ಆದರೂ ಒಬ್ಬರೂ ಅವನ ಹತ್ತಿರ ಬರುತ್ತಿರಲಿಲ್ಲ. ಆ ಸಂಕಟ ಅವನನ್ನು ಕೊರೆಯುತ್ತಿತ್ತು.

“ಅಪ್ಪಾರ, ನನಗ ಕೈಗುಣ ಯಾವಾಗ ಬರ್ತೈತ್ರಿ?” ಎಂದು ಒಂದು ದಿನ ಕೇಳಿಯೇ ಬಿಟ್ಟ.

ಗುರುಗಳು ಬೇರು ಕುಟ್ಟುತ್ತಿದ್ದರು. “ನನ್ನ ಯಾಕ ಕೇಳ್ತಿ? ನಿನ್ನ ಕೈನ ಕೇಳು,” ಎಂದರು.

ಮುಂದೊಂದು ದಿನ ಗುರುಗಳು ಪಕ್ಕದ ಊರಿಗೆ ಹೋಗಿದ್ದಾಗ ದುರುಗವ್ವ ಬಂದಳು. ದಾಸೋಹದ ಪಾತ್ರೆ ತೊಳೆಯುವವಳು. ಅವಳಿಗೂ ಅವಳ ಮೊಮ್ಮಗಳಿಗೂ ದಿಕ್ಕೆಂದರೆ ಆ ಮಠವೊಂದೇ.

ಅವಳ ಬೆರಳ ಸಂದಿಯಲ್ಲಿ, ಅಂಗಾಲಿನಲ್ಲಿ ನವಣೆಯಷ್ಟು ಸಣ್ಣ ಗುಳ್ಳೆಗಳು ಎದ್ದಿದ್ದವು. “ತುರಿಕಿ ತಡಿಯಾಕ ಆಗವಲ್ದು, ಸಣ್ಣಪ್ಪಾರ,” ಎಂದು ಕೈ ಚಾಚಿದಳು.

ಸಿದ್ಧವೀರ ಕಟ್ಟೆಯ ಮೇಲಿಂದಲೇ ನೋಡಿದ. ಅವನ ಎರಡೂ ಕೈ ಬೆನ್ನ ಹಿಂದೆ ಇದ್ದವು.

“ಕಜ್ಜಿ. ಅಂಟು ಬ್ಯಾನಿ. ಇನ್ನ ಅಡಿಗಿಮನಿ ಕಡೆ ಬರಬ್ಯಾಡ.”

ಮೂರನೆಯ ದಿನ ಗುರುಗಳು ಮರಳಿದಾಗ ದುರುಗವ್ವ ಗೋಡೆಯಾಚೆ ಕೂತು ಉಣ್ಣುತ್ತಿದ್ದಳು. ರೊಟ್ಟಿಯನ್ನು ದೂರದಿಂದ ಎಸೆದಿದ್ದರು. ನಾಳೆಯಿಂದ ಅದೂ ಇಲ್ಲ ಎಂದು ಅಡಿಗೆಯವನು ಹೇಳಿದ್ದ.

ಗುರುಗಳು ಯಾರನ್ನೂ ಬಯ್ಯಲಿಲ್ಲ. ಅವಳೆದುರು ನೆಲಕ್ಕೆ ಕೂತು, ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಯಾವಾಗಿಂದವ್ವಾ?”

“ಶ್ರಾವಣದಾಗ ಜನ ಹೆಚ್ಚಾದಾಗಿಂದ್ರಿ. ಹೊತ್ತು ಹುಟ್ಟಿದಾಗಿಂದ ಮುಣುಗೂತನಕ ಪಾತ್ರಿ ತಿಕ್ಕೂ ಹುಣಸಿ ಹುಳಿ, ಬೂದಿ, ನೀರು. ಕಾಲೂ ನೀರಾಗ.”

“ಮೊಮ್ಮಗಳು ಯಾರ ಬಗಲಾಗ ಮಲಗ್ತಾಳ?”

“ನನ್ನ ಬಗಲಾಗ್ರಿ.”

“ಅಕಿಗೆ ತುರಿಕಿ ಐತೇನು?”

“ಇಲ್ರಿ.”

“ನಿನಗ ಮುಂಗೈ ಮ್ಯಾಲ, ಹೊಟ್ಟಿ ಮ್ಯಾಲ?”

“ಎಲ್ಲೂ ಇಲ್ರಿ. ಅಂಗೈ, ಬೆರಳು, ಅಂಗಾಲು ಅಷ್ಟ.”

ಗುರುಗಳು ಶಿಷ್ಯನತ್ತ ತಿರುಗಿದರು. “ಕಜ್ಜಿ ಆಗಿದ್ರ ಇಷ್ಟೊತ್ತಿಗೆ ಕೂಸಿಗೂ ಹತ್ತತಿತ್ತು. ಇದು ನೀರುಗುಳ್ಳಿ. ಯಾರಿಗೂ ಅಂಟೂದಿಲ್ಲ.”

ಸಿದ್ಧವೀರನ ಮುಖ ಸಣ್ಣದಾಯಿತು. “ಔಷಧ ಏನ್ರಿ ಅಪ್ಪಾರ?”

“ಗುಳ್ಳಿ ಒಡೀಬಾರದು, ಕೆರಕೋಬಾರದು. ಬೆರಳ ಸಂದಿ ಒಣಾ ಒರಸಿ ಕೊಬ್ಬರಿ ಎಣ್ಣಿ ಹಚ್ಚಬೇಕು. ಮೂರು ವಾರ ಹುಳಿ, ಬೂದಿ ಮುಟ್ಟಬಾರದು.”

“ಮತ್ತ ದಾಸೋಹದ ಪಾತ್ರಿ?”

“ಅದ ಖರೇ ಔಷಧ. ಅದನ್ನ ನೀನ ಕೊಡಬೇಕು.”

ಅಂದಿನ ಪಂಕ್ತಿಯಲ್ಲಿ ಗುರುಗಳು ದುರುಗವ್ವನನ್ನು ತಮ್ಮ ಬಗಲಿಗೇ ಕೂರಿಸಿಕೊಂಡು ಉಂಡರು.

ಊಟ ಮುಗಿದ ಮೇಲೆ ಸಿದ್ಧವೀರ ಪಾತ್ರೆ ತಿಕ್ಕಲು ಬಚ್ಚಲ ಕಲ್ಲಿನ ಮೇಲೆ ಕೂತ. ಅನ್ನದ ಕೊಳಗಗಳು ಅವನ ಸೊಂಟದೆತ್ತರ ಇದ್ದವು. ದುರುಗವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲಿಂದ ನೋಡುತ್ತಿದ್ದಳು.

“ತಳ ತಿಕ್ಕ್ರಿ ಸಣ್ಣಪ್ಪಾರ. ದೂರದಿಂದ ನೋಡಿದ್ರ ಎಲ್ಲಾ ಸ್ವಚ್ಛನ ಕಾಣ್ತಾವು.”

ಅವನು ತಲೆ ತಗ್ಗಿಸಿ ತಿಕ್ಕಿದ. ನಾಚಿಕೆಯಾಗಿತ್ತು, ನಿಜವಾಗಿಯೂ.

ಮೂರು ವಾರಕ್ಕೆ ಅವಳ ಕೈಯ ಹಳೇ ತೊಗಲು ಉದುರಿ ಹೊಸದು ಬಂತು. ಒಂದು ಅಂಗಾಲಿನಲ್ಲಿ ಮಾತ್ರ ಇನ್ನೂ ನಾಲ್ಕು ಗುಳ್ಳೆ ಉಳಿದಿದ್ದವು. ಆ ಮುಂಜಾನೆ ಅವಳು ಗುರುಗಳ ಕಡೆ ಹೋಗಲಿಲ್ಲ. ಬಚ್ಚಲ ಹತ್ತಿರ ಬಂದು ನಿಂತಳು.

“ಇದೊಂದು ಕಾಲು ನೋಡ್ರಿ.”

ಸಿದ್ಧವೀರ ಕೈ ಒರೆಸಿಕೊಂಡು ನೆಲಕ್ಕೆ ಕೂತ. ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. “ರಾತ್ರಿ ನಿದ್ದಿ ಬಂತೇನವ್ವಾ?” ಎಂದು ಕೇಳಿದ. ಎಣ್ಣೆ ಹಚ್ಚಿದ.

ತಲೆಯೆತ್ತಿದರೆ ಗುರುಗಳು ಬಾಗಿಲಲ್ಲಿ ನಿಂತಿದ್ದರು.

ಸಿದ್ಧವೀರ ಎದ್ದು ಹೋಗಿ, ಎರಡು ದಿನದಿಂದ ಬಚ್ಚಿಟ್ಟಿದ್ದ ತನ್ನ ಕೈಗಳನ್ನು ಮುಂದೆ ಚಾಚಿದ. ಬೆರಳ ಸಂದಿಯಲ್ಲಿ ನವಣೆಯಷ್ಟು ಸಣ್ಣ ಗುಳ್ಳೆಗಳು.

“ಅಪ್ಪಾರ, ಹುಳಿ, ಬೂದಿ ತಿಕ್ಕಿ ತಿಕ್ಕಿ ನನ್ನ ಕೈಗೂ ಬಂದೈತ್ರಿ.”

ಗುರುಗಳು ಆ ಕೈಗಳನ್ನು ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

“ಹೌದು, ಬಂದೈತಿ. ಕೈಗುಣ ಬರೂವಾಗ ಮೊದಲ ಸ್ವಲ್ಪ ತುರಸ್ತೈತಿ.”