ಬರಬೇಕಾದ ಕ್ಯಾಮ್ರಾ, ಕೊಡಬೇಕಾದ ಮುಡಿ

ತಲೆ ಮುಟ್ಕೊಂಡು ಆಣೆ ಮಾಡು ದಾಕ್ಷಾಯ್ಣಿ. ನನ್ ತಲೆ ಅಲ್ಲ ಕಣೇ, ನಿನ್ ತಲೆ. ಈ ವಿಷ್ಯ ಈ ಅಡಿಗೆಮನೆ ಹೊಸ್ಲು ದಾಟಂಗಿಲ್ಲ. ನೀಲಮ್ಮ ನನ್ ಕೈಲೂ ಹಿಂಗೇ ಆಣೆ ಹಾಕ್ಸವ್ಳೆ. ಅದ್ಕೇ ನಿನ್ಗೊಬ್ಳಿಗೇ ಹೇಳ್ತಿರೋದು.

ಇವತ್ತು ಬೆಳಗ್ಗೆ ನಮ್ ಪಕ್ಕದ್ಮನೆ ಸ್ಟುಡಿಯೋ ಕಲ್ಲೇಶಿ, ಮಠದ ಅಜ್ಜಯ್ಯನ ಮುಂದೆ ಕೈ ಮುಗ್ದು ಏನ್ ಕೇಳ್ದ ಗೊತ್ತಾ? "ಅಜ್ಜಯ್ಯ, ಆ ಫಾರಿನ್ ಕಂಪ್ನಿ ಮುಂದೆ ಯಾವ ದಾರಿ ಹಿಡೀತದೆ? ಅವ್ರ ಹೊಸ ಕ್ಯಾಮ್ರಾ ಬರೋಗಂಟ ಕಾಯ್ಲಾ, ಬ್ಯಾಡ್ವಾ?"

ಪಕ್ಕದಲ್ಲಿ ಹೆಂಡ್ತಿ ನೀಲಮ್ಮ ನಿಂತವ್ಳೆ, ಮಗು ನಿಂತೈತೆ. ಇವ್ನು ಕಂಪ್ನಿ ದಾರಿ ಕೇಳ್ತಾನೆ! ನನ್ಗೆ ಮೈಯೆಲ್ಲ ಉರ್ದೋಯ್ತು.

ಆ ಕ್ಯಾಮ್ರಾ ಇವ್ನು ಕೈಲಿ ಮುಟ್ಟವ್ನಾ? ಇಲ್ಲ. ಮೊಬೈಲಲ್ಲಿ ನೋಡವ್ನೆ ಅಷ್ಟೇ. ಸಂಜೆ ಆದ್ರೆ ಸ್ಟುಡಿಯೋ ಬೆಂಚಿನ ಮೇಲೆ ಇವ್ನಂಥೋರೇ ನಾಕು ಜನ ಸೇರ್ತಾರೆ. "ಈ ಸಲ ಕ್ಯಾಮ್ರಾ ಹಿಂದ್ಗಡೆ ಫೋಟೋ ನೋಡೋ ಪರ್ದೆನೇ ಇರಲ್ವಂತೆ" ಅಂತ ಒಬ್ಬ. "ಕಂಪ್ನಿ ತಿರ್ಗ ರೀಲಿಗೇ ಹೋಗ್ತದಂತೆ" ಅಂತ ಇನ್ನೊಬ್ಬ. "ಬರೀ ಕಪ್ಪು ಬಿಳುಪು ಮಾಡ್ತಾರಂತೆ" ಅಂತ ಮತ್ತೊಬ್ಬ. ಅಂತೆ ಕಂತೆಗಳ ಸಂತೆ! ಕಂಪ್ನಿ ಯಜಮಾನ್ರು ಇವ್ರ ಬೆಂಚಿಗೆ ಬಂದು ಕಿವೀಲಿ ಹೇಳೋದ್ರು ಅನ್ನಂಗೆ ಬಡ್ಕೊತಾರೆ.

ಬಡ್ಕೊಳ್ಳಿ, ನನ್ಗೇನು. ಆದ್ರೆ ಮಗು ಇಂಚರನ ಮುಡಿ? ಹುಟ್ಟುಗೂದ್ಲು ಕಣೇ, ಹರಕೆದು. ಮೂರನೇ ವರ್ಷಕ್ಕೇ ಕೊಡ್ಬೇಕಾಗಿತ್ತು. ಮುಡಿ ಕೊಡೋಕ್ಮುಂಚೆ ಮೊಗ್ಗಿನ ಜಡೆ ಹಾಕಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೀತಾರಲ್ಲ, ಊರ ಹೆಣ್ಮಕ್ಕಳಿಗೆಲ್ಲ ಇವ್ನೇ ತೆಗ್ದವ್ನೆ. ತನ್ ಮಗ್ಳಿಗೆ ಮಾತ್ರ "ಆ ಕ್ಯಾಮ್ರಾದಲ್ಲೇ ತೆಗೀಬೇಕು" ಅಂತ ಕೂತ. ಮೂರು ಹೋಯ್ತು. ಸರಿ ವರ್ಷದಲ್ಲಿ ಕೊಡಂಗಿಲ್ಲ, ನಾಕೂ ಹೋಯ್ತು. ಈಗ ಐದು, ಅದೂ ಈ ತಿಂಗ್ಳಿಗೆ ಮುಗೀತದೆ. ಮಗೂಗೆ ತಲೆ ತುಂಬ ಪೇನು, ಕತ್ತಿನ ಹಿಂದೆ ಹುಣ್ಣು. ಅಂಗನವಾಡೀಲಿ ಬೇರೆ ಮಕ್ಕಳಿಂದ ದೂರ ಕೂರುಸ್ತಾರೆ. ರಾತ್ರಿ ಎಲ್ಲ ಕೆರ್ಕೊಂಡು ಅಳ್ತದೆ, ಗೋಡೆ ಈಚೆ ನನ್ಗೆ ಕೇಳುಸ್ತದೆ.

ಬೆಳಗ್ಗೆ ನೀಲಮ್ಮ ನನ್ನ ಕರೆಸಿ ಮೊಗ್ಗಿನ ಜಡೆ ಹಾಕ್ಸುದ್ಲು. ಬಾಚಣಿಗೆ ಇಳೀಲಿಲ್ಲ ಕಣೇ, ಹಂಗೂ ಹೆಣ್ದೆ. ರೇಶ್ಮೆ ಲಂಗ ಉಡ್ಸಿ ಗಂಡನ ಮುಂದೆ ನಿಲ್ಲುಸುದ್ಲು.

"ತೆಗೀರಿ. ಇವತ್ತು ಮುಡಿ ಕೊಟ್ಟೇ ಕೊಡ್ತೀನಿ."

"ಇನ್ನೊಂದು ವಾರ ಕಣೇ. ರಾತ್ರಿ ಸುದ್ದಿ ಬಂದೈತೆ."

"ಒಂದು ವಾರ ನಿಮ್ ಕಂಪ್ನಿಯೋರು ಬಂದು ಇವ್ಳ ಪೇನು ಹೆಕ್ತಾರಾ?"

ನಾನು ಮೊಬೈಲ್ ಎತ್ದೆ. "ಫೋಟೋಗ್ರಾಫರ್ ಮಗ್ಳಿಗೆ ಮೊಬೈಲ್ ಫೋಟೋನಾ?" ಅಂತ ಕೈಯಿಂದ ಕಿತ್ಕೊಂಡ, ಮೂದೇವಿ. ಕಡೆಗೆ "ಅಜ್ಜಯ್ಯ ಹೇಳಿದ್ರೆ ಕೇಳ್ತೀನಿ" ಅಂದ. ಮಠದ ಶಿಷ್ಯ ಅಲ್ವಾ, ದೊಡ್ಡ ಭಕ್ತ! ಹೋದ್ವಿ.

ಇವ್ನ ಪ್ರಶ್ನೆ ಕೇಳಿ ಅಜ್ಜಯ್ಯ ಒಂದು ಕತೆ ಹೇಳುದ್ರು. ಅವ್ರು ಹೇಳ್ದಂಗೇ ಹೇಳ್ತೀನಿ, ನನ್ ಬಾಯಿ ಹಾಕಲ್ಲ.

"ಒಬ್ಬ ರೈತ ಇದ್ದ. ಅವನ ರಾಗಿ ಬಲಿತಿತ್ತು. ಮನೆಯಲ್ಲಿ ಕುಡುಗೋಲಿತ್ತು. ದೂರದೂರಿನ ಕಮ್ಮಾರ ಹೊಸ ಥರದ ಕುಡುಗೋಲು ಮಾಡುತ್ತಾನೆ ಅಂತ ಸುದ್ದಿ ಬಂತು. ರೈತ ಕೊಯ್ಲು ನಿಲ್ಲಿಸಿದ. ಪಕ್ಕದ ಹೊಲದವನೂ ನಿಲ್ಲಿಸಿದ. ಇಬ್ಬರೂ ಬದುವಿನ ಮೇಲೆ ಕೂತು, ಅದರ ಬಾಗು ಹೇಗಿರುತ್ತದೆ ಅಂತ ವಾದ ಮಾಡಿದರು. ವಾದ ಜಗಳವಾಯಿತು. ಮಾತು ಬಿಟ್ಟರು. ರಾಗಿ ಉದುರಲು ಶುರುವಾಯಿತು.

"ರೈತ ಕಮ್ಮಾರನನ್ನು ಹುಡುಕಿಕೊಂಡು ಹೋದ. ಕುಲುಮೆ ತಣ್ಣಗಿತ್ತು. 'ಹೊಸ ಕುಡುಗೋಲು ಎಲ್ಲಯ್ಯ?' ಅಂತ ಕೇಳಿದ. ಕಮ್ಮಾರ ಹೇಳಿದ, 'ಕೊಯ್ದು ಸವೆದ ಹಳೇ ಕುಡುಗೋಲನ್ನು ಯಾರಾದರೂ ತರಲಿ ಅಂತ ಕಾಯುತ್ತಿದ್ದೇನೆ. ಎಲ್ಲಿ ಸವೆದಿದೆ ಅಂತ ನೋಡದೆ ಹೊಸದನ್ನು ಹೇಗೆ ಬಡಿಯಲಿ? ಈ ವರ್ಷ ಒಬ್ಬರೂ ತಂದಿಲ್ಲ.'

"ರೈತ ಹೊಲಕ್ಕೆ ವಾಪಸ್ ಬಂದ. ಹುಲ್ಲು ನಿಂತಿತ್ತು. ತೆನೆಯಲ್ಲಿ ಕಾಳಿರಲಿಲ್ಲ."

ಅಲ್ಲಿಗೆ ಕತೆ ಮುಗೀತು. ನಾನು ಅನ್ಕೊಂಡೆ, ಈಗಾದ್ರೂ ಈ ಗೂಬೆಗೆ ಬುದ್ಧಿ ಬಂತು ಅಂತ. ಎಲ್ಲಿ! ಮುಂದಕ್ಕೆ ಜರ್ಕೊಂಡು ಕೇಳ್ತಾನೆ:

"ಅಲ್ಲ ಅಜ್ಜಯ್ಯ, ಆಮೇಲೆ ಕಮ್ಮಾರ ಎಂಥ ಕುಡುಗೋಲು ಮಾಡ್ದ?"

ಚಪ್ಲಿ ಬಾಗ್ಲಾಚೆ ಬಿಟ್ಟಿದ್ದೆ, ಅವ್ನ ಪುಣ್ಯ. ನೀಲಮ್ಮನ ಮುಖ ಕೆಂಡ ಆಗಿತ್ತು. ಮಗು ಅಲ್ಲೇ ಕತ್ತು ಕೆರ್ಕೊಂತಾ ನಿಂತಿತ್ತು, ಮೊಗ್ಗು ಒಂದೊಂದೇ ನೆಲಕ್ಕೆ ಬೀಳ್ತಿತ್ತು.

ಅಜ್ಜಯ್ಯ ಮಗೂನ ನೋಡುದ್ರು, ಇವ್ನ ನೋಡುದ್ರು. ದನಿ ಏರಿಸ್ಲಿಲ್ಲ.

"ನಿನ್ನ ಮಗಳು ದಿನಾ ಬೆಳಗ್ಗೆ ಹೊಸ ಮಾಡೆಲ್ ಆಗಿ ಏಳ್ತಾಳೆ ಕಲ್ಲೇಶಿ, ನಿನ್ನೆಯೋಳು ಯಾವ ಅಂಗಡೀಲಿ ಸಿಗ್ತಾಳೆ?"

ನೀಲಮ್ಮ ಮಗೂನ ಎತ್ಕೊಂಡು ತಿರುಗೂ ನೋಡ್ದೆ ಹೊಂಟೋದ್ಲು. ಇವ್ನು ಅಜ್ಜಯ್ಯನ ಮುಂದೇ ಕೂತ್ಬುಟ್ಟ. ಈಗ್ಲೂ ಅಲ್ಲೇ ಕೂತವ್ನಂತೆ, ಸ್ಟುಡಿಯೋ ಬೀಗ ಇನ್ನೂ ತೆಗ್ದಿಲ್ಲ. ಕೂತ್ಕೊಳ್ಳಿ. ನನ್ ಗಂಡ ಆಗಿದ್ದಿದ್ರೆ ಆ ಕನ್ನಡೀನೇ ತಲೆ ಮೇಲೆ...

ತಡಿ ತಡಿ, ಯಾರೋ ಬಂದ್ರು. ಬಾಗ್ಲು ಸದ್ದಾಯ್ತು. ಏನೂ ಗೊತ್ತಿಲ್ದಂಗೆ ಅವರೆಕಾಯಿ ಸುಲೀತಿರು.

ಯಾರು, ನೀಲಮ್ಮನಾ? ಬಾರವ್ವ, ಬಾ. ನಿಮ್ ಸುದ್ದಿ ಎತ್ತೇ ಇಲ್ಲ ನಾವು, ಅವರೆಕಾಯಿ ಬಲ್ತೋಗೈತೆ ಅಂತ ಅಂತಿದ್ವಿ. ಎಲ್ಲಮ್ಮ ನಮ್ ಇಂಚರ? ಸೆರಗಿನ ಹಿಂದೆ ಯಾಕೆ ಅವುತ್ಕೊಂಡಿದೀಯ, ಬಾರೇ ಮಗಾ...

ಅಯ್ಯೋ ಶಿವ್ನೇ, ತಲೆ ನುಣ್ಣಗೈತೆ. ಜಡೆ ಎಲ್ಲೇ?