ರಾಣಿಯ ಗಡ್ಡ

"ಗುರುಗಳೇ, ಸತ್ತವರ ಮೇಲೆ ತಮಾಷೆ ಮಾಡಿದವನಿಗೆ ಕಲ್ಲು ಹೊಡೆದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಪೇಟೆಯಲ್ಲಿ ಹೆಸರಾಂತ ಗಾಯಕರೊಬ್ಬರು ತೀರಿಕೊಂಡಿದ್ದರು. ಶಿಷ್ಯನ ಕಣ್ಣು ಇನ್ನೂ ಕೆಂಪಗಿತ್ತು.

"ಹೊಡೆದಾಯಿತೋ, ಇನ್ನು ಹೊಡೆಯಬೇಕೋ?" ಎಂದರು ಗುರುಗಳು.

"ಹೊಡೆದಾಯಿತು. ಎಲ್ಲರೂ ಹೊಡೆದರು."

ಗುರುಗಳು ಈ ಪ್ರಶ್ನೆಯನ್ನು ಬಹಳ ವರ್ಷಗಳಿಂದ ಕೇಳಿಸಿಕೊಳ್ಳುತ್ತ ಬಂದಿದ್ದರು. ಸತ್ತವರು ಬದಲಾಗುತ್ತಿದ್ದರು, ಕೇಳುವವರು ಬದಲಾಗುತ್ತಿದ್ದರು, ಅಷ್ಟೇ. ಅವರು ಗೋಡೆಗೆ ಒರಗಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನಟನಿದ್ದ. ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ. ಅವನು ರಂಗದ ಮೇಲೆ ಸೆರಗು ಹೇಗೆ ಹೊದೆಯುತ್ತಿದ್ದನೋ ಮರುದಿನ ಊರಿನ ಹೆಂಗಸರು ಹಾಗೆಯೇ ಹೊದೆಯುತ್ತಿದ್ದರು. ಅದೇ ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಬಣ್ಣ ಹಚ್ಚುವ ಮುಂಚೆ ಇನ್ನೊಮ್ಮೆ, ನಟನಿಗೆ ಗಡ್ಡ ಮಾಡುವುದು ಅವನ ಕೆಲಸ. ಮೂವತ್ತು ವರ್ಷ ಮಾಡಿದ.

ಎರಡು ಸಲಕ್ಕೆ ಕಾರಣವಿತ್ತು. ನಟ ಇನ್ನೂ ಹರೆಯದವನಾಗಿದ್ದಾಗ ಒಂದು ದಿನ, ರಾಣಿ ಗಂಡನ ಶವದ ಮುಂದೆ ಅಳುವ ದೃಶ್ಯದಲ್ಲಿ, ದೀಪದ ಬೆಳಕಿಗೆ ಅವನ ಕೆನ್ನೆಯ ಮೇಲಿನ ಕೂದಲು ಕಂಡಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನಟ ಒಂದು ತಿಂಗಳು ಮನೆಯಿಂದ ಹೊರಬೀಳಲಿಲ್ಲ. ಹೊರಬಿದ್ದ ದಿನ ನೇರವಾಗಿ ಕ್ಷೌರಿಕನ ಹತ್ತಿರ ಬಂದು, "ಇನ್ನು ನನ್ನ ಮುಖದ ಮೇಲೆ ಒಂದು ಕೂದಲೂ ಯಾರ ಕಣ್ಣಿಗೂ ಬೀಳಬಾರದು ಮಾರಾಯ. ಹೆಣವಾದ ದಿನವೂ" ಎಂದ. ಕ್ಷೌರಿಕ ಆಗಲಿ ಎಂದ.

ಕತ್ತಿ ಆಡುವಷ್ಟು ಹೊತ್ತೂ ನಟನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಕಂಪನಿಯ ಯಜಮಾನನನ್ನು ಅಣಕಿಸುತ್ತಿದ್ದ, ಊರಿನ ದೊಡ್ಡವರನ್ನು ಅಣಕಿಸುತ್ತಿದ್ದ, ಯಾರೂ ಸಿಗದಿದ್ದರೆ ತನ್ನನ್ನೇ.

"ಮಾತಾಡಬೇಡಿ, ಮೂಗು ಹೋದೀತು" ಎಂದು ಕ್ಷೌರಿಕ ಗದರುತ್ತಿದ್ದ.

"ಹೋದರೆ ರಾಕ್ಷಸಿ ಪಾತ್ರ ಕೊಡ್ತಾರೆ ಬಿಡು" ಎನ್ನುತ್ತಿದ್ದ ನಟ.

ಒಮ್ಮೆ ಕಂಪನಿ ಪರ ಊರಿಗೆ ಹೋಯಿತು. ಆ ಸಲ ಕ್ಷೌರಿಕ ಜೊತೆಗೆ ಹೋಗಲಿಲ್ಲ. ಅಲ್ಲಿ ನಟನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದ್ದ. ಐದನೆಯ ದಿನ ಹೆಣವಾಗಿ ಊರಿಗೆ ಬಂದ.

ಮಧ್ಯಾಹ್ನದೊಳಗೆ ಶೋಕ ಸಮಿತಿ ಹುಟ್ಟಿತು. ಒಬ್ಬ ಜವಳಿ ವ್ಯಾಪಾರಿ ಅಧ್ಯಕ್ಷನಾದ. ಅಂಗಡಿ ತೆರೆಯಬಾರದು, ಒಗ್ಗರಣೆ ಹಾಕಬಾರದು, ಯಾರೂ ಹಲ್ಲು ಕಿರಿಯಬಾರದು ಎಂದು ಡಂಗುರ ಹೊಡೆಸಿದರು. ಒಬ್ಬ ಎರಡು ಸಲ ಮೂರ್ಛೆ ಹೋದ. ಪಕ್ಕದ ಬೀದಿಯವನು ಮೂರು ಸಲ ಹೋದನೆಂದು ತಿಳಿದು ಇನ್ನೆರಡು ಸಲ ಹೋದ. ಶವಕ್ಕೆ ರಾಣಿಯ ಸೀರೆ ಉಡಿಸಿ, ಮುಖಕ್ಕೆ ಬಣ್ಣ ಬಳಿದು, ರಂಗದ ಮೇಲೆ ಒರಗಿಸಿ ಕೂರಿಸಿದರು. ಜನ ಪ್ರೀತಿಸಿದ್ದು ಆ ಮುಖವನ್ನು. ಎರಡು ದಿನ ದರ್ಶನ ಎಂದು ತೀರ್ಮಾನವಾಯಿತು.

ಕ್ಷೌರಿಕ ಹಿತ್ತಲಿನಲ್ಲಿ ಕೂತು ಕತ್ತಿ ಮಸೆದ. ಮಸೆಯುವಷ್ಟು ಹೊತ್ತೂ ಅತ್ತ. ಅಲ್ಲಿ ಸಮಿತಿಯವರು ಯಾರೂ ಇರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು, ಕತ್ತಿ ಬಟ್ಟಲುಗಳ ಚೀಲ ಹಿಡಿದು ಪೆಂಡಾಲಿಗೆ ಬಂದ.

"ಎಲ್ಲಿಗೆ?" ಎಂದ ಅಧ್ಯಕ್ಷ.

"ಗಡ್ಡ ಮಾಡಬೇಕು ಸ್ವಾಮಿ."

"ಸತ್ತಿದ್ದಾರಯ್ಯಾ ಅವರು!"

ಕ್ಷೌರಿಕ ರಂಗದ ಕಡೆ ನೋಡಿದ. ಮೂವತ್ತು ವರ್ಷದ ಅಭ್ಯಾಸ, ಬಾಯಿಗೆ ಬಂದದ್ದನ್ನು ಆಡಿಬಿಟ್ಟ. "ಒಳ್ಳೇದೇ ಆಯ್ತು ಬಿಡಿ. ಒಂದು ದಿನವೂ ನನ್ನ ಕತ್ತಿ ಕೆಳಗೆ ಸುಮ್ಮನೆ ಕೂತವರಲ್ಲ. ಇವತ್ತಾದರೂ ಬಾಯಿ ಮುಚ್ಚಿಕೊಂಡು ಮಾಡಿಸ್ಕೋತಾರೆ."

ನಟ ಬದುಕಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಸಮಿತಿಯವರು ಬದುಕಿದ್ದರು, ಹೊಡೆದರು. ಬಟ್ಟಲು ಚಪ್ಪಟೆಯಾಯಿತು. ಕ್ಷೌರಿಕನ ತುಟಿ ಒಡೆಯಿತು. ಅವನು ಕತ್ತಿಯೊಂದನ್ನು ಎದೆಗೆ ಅವಚಿಕೊಂಡು, "ಹೊಡೀರಿ, ಆದರೆ ಒಳಗೆ ಬಿಡಿ. ಮಾತು ಕೊಟ್ಟಿದ್ದೀನಿ" ಎಂದ.

"ಎಲ್ಲರೆದುರು ಅತ್ತು ತಪ್ಪಾಯಿತು ಅನ್ನು. ಆಮೇಲೆ ನೋಡೋಣ" ಎಂದ ಅಧ್ಯಕ್ಷ.

ಕ್ಷೌರಿಕ ತಪ್ಪಾಯಿತು ಎಂದ. ಅಳು ಬರಲಿಲ್ಲ. ಹಿತ್ತಲಿನಲ್ಲೇ ಮುಗಿದಿತ್ತು. ಒಳಗೆ ಹೋಗಬೇಕಲ್ಲ ಎಂದು ಮುಖ ಹಿಂಡಿದ, ಮೂಗು ಎಳೆದ, ಭುಜ ಕುಣಿಸಿದ. "ನಾಟಕ ಆಡ್ತಾನೆ ನೋಡ್ರೋ" ಎಂದು ಜನ ಕೂಗಿದರು. ಮೂವತ್ತು ವರ್ಷ ನಾಟಕ ನೋಡಿ ಅತ್ತಿದ್ದ ಜನ. ಅವನನ್ನು ಎಳೆದುಕೊಂಡು ಹೋಗಿ ಪೆಂಡಾಲಿನ ಹೊರಗೆ ಕೂರಿಸಿದರು.

ಆದರೂ ಗಡ್ಡ ಇದ್ದದ್ದು ಇತ್ತು. ಸಮಿತಿಯವರು ಇನ್ನೊಬ್ಬ ಕ್ಷೌರಿಕನನ್ನು ಕರೆಸಿದರು. ಅವನು ಬಂದು ನೋಡಿ, "ಇದು ಅವನ ಮನೆತನದ ಗಿರಾಕಿ ಸ್ವಾಮಿ. ಒಬ್ಬನ ಗಿರಾಕಿಯ ಮುಖ ಇನ್ನೊಬ್ಬ ಮುಟ್ಟಿದರೆ ನಾಳೆ ನಮ್ಮ ಜನ ನನಗೆ ನೀರು ಕೊಡಲ್ಲ" ಎಂದು ಹೊರಟುಹೋದ. ಅಧ್ಯಕ್ಷ ಇನ್ನಷ್ಟು ಬಣ್ಣ ಬಳಿಸಿದ.

ಎರಡನೆಯ ದಿನ ಬಿಸಿಲು ಏರಿತು. ಬಣ್ಣ ಕರಗಿತು. ದೂರದ ಊರಿನಿಂದ ಬಂದ ಒಬ್ಬ ಮುದುಕಿ ಸಾಲಿನಲ್ಲಿ ನಿಂತು ನಿಂತು ರಂಗದ ಹತ್ತಿರ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಅಯ್ಯೋ ನಮ್ಮವ್ವ, ರಾಣಿಗೆ ನಮ್ಮ ಯಜಮಾನರಿಗಿಂತ ದಟ್ಟ ಗಡ್ಡ ಬಂದೈತಲ್ಲೇ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿಂದಿದ್ದವರು ಏನೆಂದು ಕೇಳಿ, ಕತ್ತು ಚಾಚಿ ನೋಡಿ, ನಕ್ಕರು. ನಾಲ್ಕು ಸಲ ಮೂರ್ಛೆ ಹೋದವನೂ ನಕ್ಕ. ಅಧ್ಯಕ್ಷ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದ. ಎಲ್ಲರೂ ನಕ್ಕಿದ್ದರಿಂದ ಹೊಡೆಯಲು ಯಾರೂ ಉಳಿಯಲಿಲ್ಲ.

ಹೊರಗೆ ಕೂತಿದ್ದ ಕ್ಷೌರಿಕನಿಗೆ ಆ ನಗು ಕೇಳಿಸಿತು. ಯಾವ ನಗು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ನಗುವನ್ನು ಮೂವತ್ತು ವರ್ಷ, ದಿನಕ್ಕೆ ಎರಡು ಸಲ, ಅವನು ತಡೆದು ನಿಲ್ಲಿಸಿದ್ದ. ಅವನು ಎರಡೂ ಕಿವಿ ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಅಧ್ಯಕ್ಷನೇ ಹೊರಗೆ ಬಂದ. ಮುಖ ನೋಡದೆ, "ಬೇಗ ಬಾ, ಅದೊಂದು ಮುಗಿಸು" ಎಂದ.

ಕ್ಷೌರಿಕ ರಂಗ ಹತ್ತಿದ. ಚಪ್ಪಟೆಯಾದ ಬಟ್ಟಲಿನಲ್ಲಿ ನಿಂತಷ್ಟು ನೀರು ಹಾಕಿಕೊಂಡ. ಬಣ್ಣ ಒರೆಸಿದ. ನಟನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದ. ಜನರೆಲ್ಲ ಕ್ಷೌರಿಕನ ಕಣ್ಣಲ್ಲಿ ನೀರು ಬಂತೇ ಎಂದು ಕಾಣುವ ಹಾಗೆ ಪಕ್ಕಕ್ಕೆ ವಾಲಿ ನಿಂತರು. ಅವನು ಕತ್ತಿ ತೆಗೆದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

"ಆಗಲಾದರೂ ಅವನು ಅತ್ತನೇ, ಗುರುಗಳೇ?"

"ಗಡ್ಡ ನುಣ್ಣಗಾಯಿತೇ ಎಂದು ನೀನೂ ಕೇಳಲಿಲ್ಲ" ಎಂದರು ಗುರುಗಳು.