ಹಿಮ ನೋಡೋಕೆ ಹೋದ ಅತ್ತೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡಿರದ ಕಾಲದಲ್ಲಿ, ತೆಂಕಣ ಸೀಮೇಲಿ ಸುಡುಗಲ್ಲು ಅಂತ ಒಂದೂರಿತ್ತಂತೆ. ಬಿಸಿಲು ಅಂದ್ರೆ ಎಂಥಾ ಬಿಸಿಲು, ಬಂಡೆ ಮೇಲೆ ರೊಟ್ಟಿ ತಟ್ಟಿದ್ರೆ ಬೆಂದೇ ಹೋಗೋದಂತೆ, ಕೋಳಿಗಳು ಒಂದು ಕಾಲು ಊರಿ ಒಂದು ಕಾಲು ಎತ್ತಿ ಕುಣ್ಕೊಂಡೇ ಓಡಾಡ್ತಿದ್ವಂತೆ. ಆ ಊರಲ್ಲಿ ಸಣ್ಣೀರವ್ವ ಅಂತ ಒಬ್ಬಳು ಕಂಬಳಿ ನೇಯೋಳು, ಗಂಡ ತೀರಿಕೊಂಡಿದ್ದ, ಮೂರು ಜನ ಗಂಡುಮಕ್ಕಳು. ಅವಳ ನಾಲಿಗೆಯೋ! ಕುರಿ ತುಪ್ಪಟ ಕತ್ತರಿಸೋಕೆ ಅವಳ ಮನೇಲಿ ಕತ್ತರೀನೇ ಬೇಡ ಅಂತ ಊರೋರು ಆಡ್ಕೊಳ್ಳೋರಂತೆ. ಹಂಗಾಗಿ ದೊಡ್ಡ ಸೊಸೆ ಬಾಣಂತನಕ್ಕೆ ಅಂತ ತೌರಿಗೆ ಹೋದೋಳು ವಾಪಸ್ ಬರಲಿಲ್ಲ, ಕರೆಯೋಕೆ ಹೋದ ಗಂಡನೂ ಬರಲಿಲ್ಲ. ಆಮೇಲೆ ನಡುವಿನ ಸೊಸೆ ಅಣ್ಣನ ಮದುವೆ ಅಂತ ಹೋದ್ಲು, ಅವಳೂ ಬರಲಿಲ್ಲ, ಅವಳ ಹಿಂದೆ ಹೋದೋನು ಅಲ್ಲೇ ಮನೆ ಅಳಿಯ ಆಗಿ ಕಾಲು ಚಾಚಿದ. ಸಣ್ಣೀರವ್ವ ಮಾತ್ರ ಸಿಕ್ಕಸಿಕ್ಕೋರ ಹತ್ರ ಸೊಸೇರು ಮಾಟ ಮಾಡಿಸಿದ್ರು ಅಂತ ಹೇಳ್ಕೊಂಡು ತಿರುಗಿದ್ಲಂತೆ. ಮಾಟವಂತೆ, ಮಾಟ!

ಉಳಿದೋನು ಕೊನೇ ಮಗ ಬೊಮ್ಮಲಿಂಗ. ಅವನು ಕತ್ತೆ ಮೇಲೆ ಕಂಬಳಿ ಹೇರ್ಕೊಂಡು, ಚಳಿ ಇರೋ ಕಡೆ ವ್ಯಾಪಾರ ಚೆನ್ನಾಗಾಗುತ್ತೆ ಅಂತ ಬಡಗಣಕ್ಕೆ ನಡೆದು ನಡೆದು, ಹಿಮದ ಬೆಟ್ಟದ ಬುಡಕ್ಕೇ ಹೋಗ್ಬಿಟ್ಟನಂತೆ. ಕಂಬಳಿ ಎಲ್ಲ ಖರ್ಚಾಯ್ತು, ವಾಪಸ್ ಬರುವಾಗ ಕತ್ತೆ ಮೇಲೆ ಹೆಂಡ್ತಿ ಕೂತಿದ್ಲು. ಜಮುನಿ ಅಂತ ಹೆಸರು, ಕೆಂಪು ಕೆನ್ನೆ, ದಾರಿಯುದ್ದಕ್ಕೂ ಗಂಡನ ಹತ್ರ ನಮ್ಮ ಮಾತು ಕಲ್ತ್ಕೊಂಡು ಬಂದಿದ್ಲು. ಬಾವಿಕಟ್ಟೆ ಹೆಂಗಸರಿಗೆ ಇನ್ನೇನು ಬೇಕು? ಶಿವನೂ ಹಿಮವಂತನ ಮಗಳನ್ನೇ ಕಟ್ಕೊಂಡ ಕಣ್ರೇ, ಕಟ್ಕೊಂಡು ಮಾವನ ಮನೆ ಮಗ್ಗುಲಲ್ಲೇ ಬಿಡಾರ ಹೂಡಿದ, ನೋಡ್ತಿರಿ ಇವನೂ ಹೋಗ್ತಾನೆ ಅಂತ ಕಿಸಿಕಿಸಿ ನಕ್ಕರಂತೆ. ಅದು ಸಣ್ಣೀರವ್ವನ ಕಿವಿಗೆ ಬಿತ್ತು, ಎದೆಗೆ ನಾಟಿತು.

ಅದೇ ಹೊತ್ತಿಗೆ ಜಮುನಿ, ಪಾಪ ಬೆವರಲ್ಲಿ ತೊಯ್ದು ತೊಪ್ಪೆ ಆಗಿದ್ದೋಳು, ಅತ್ತೆಮ್ಮಾ ನಿಮ್ಮೂರಲ್ಲಿ ವರ್ಷಕ್ಕೆ ಎಷ್ಟು ಸಲ ಹಿಮ ಬೀಳುತ್ತೆ ಅಂತ ಕೇಳಿದ್ಲಂತೆ. ಊರಿಗೆ ಊರೇ ಹೊಟ್ಟೆ ಹಿಡ್ಕೊಂಡು ನಕ್ಕಿತು. ಸಣ್ಣೀರವ್ವ ನಗಲಿಲ್ಲ. ದೇವರ ಮುಂದಿನ ಬಂಡಾರದ ಬಟ್ಟಲಿಗೆ ಕೈ ಹಾಕಿ, ಅರಿಶಿನ ಮುಟ್ಟಿ, ಈ ಊರಿಗೆ ಹಿಮ ಬಿದ್ದ ದಿನ ನೀನು ತೌರಿಗೆ ಹೋಗೋಳಂತೆ, ಅಲ್ಲೀತನಕ ಊರ ಗಡಿ ದಾಟಂಗಿಲ್ಲ, ಇದು ದೇವರಾಣೆ ಅಂದುಬಿಟ್ಲಂತೆ.

ಜಮುನಿಗೆ ಮೊದಮೊದಲು ಅದು ಅಷ್ಟು ಭಾರ ಅನ್ನಿಸಲಿಲ್ಲ. ಆಮೇಲೆ ಒಬ್ಬ ಇಂಗು ಮಾರೋನು ಬಡಗಣದಿಂದ ಬಂದ. ನಿಮ್ಮವ್ವನ ಕಣ್ಣಿಗೆ ಪೊರೆ ಬರ್ತಿದೆ ತಾಯಿ, ಮಗಳ ಮುಖ ಒಂದ್ಸಲ ನೋಡಿದ್ರೆ ಸಾಕು, ಆಮೇಲೆ ಕತ್ತಲಾದ್ರೂ ಚಿಂತೆಯಿಲ್ಲ ಅಂತಿದಾಳೆ ಅಂದನಂತೆ. ಅವತ್ತಿಂದ ಅವಳು ಉಂಡಿದ್ದು ಅನ್ನ ಅಲ್ಲ, ನಿದ್ದೆ ಮಾಡಿದ್ದು ನಿದ್ದೆ ಅಲ್ಲ. ಮಗ್ಗದ ಗುಂಡಿಯಲ್ಲಿ ಕೂತಿದ್ರೂ ಕಣ್ಣು ಆಕಾಶದ ಮೇಲೆ. ಗಂಡ ಇದ್ದನಲ್ಲ ಅಂತೀಯ? ಇದ್ದ, ತನ್ನವ್ವ ಕೆಮ್ಮಿದ್ರೆ ಕಂಬದ ಹಿಂದೆ ಹೋಗಿ ನಿಲ್ಲೋನು.

ಮೊದಲನೇ ವರ್ಷ ಬೇಸಿಗೆ ಮಳೇಲಿ ಆಲಿಕಲ್ಲು ಬಿತ್ತಂತೆ. ಜಮುನಿ ಸೆರಗಲ್ಲಿ ತುಂಬ್ಕೊಂಡು ಓಡಿ ಬಂದು, ಅತ್ತೆಮ್ಮಾ ಬಿತ್ತು ಅಂದ್ಲು. ಸಣ್ಣೀರವ್ವ ಒಂದು ಕಲ್ಲು ಬಾಯಿಗೆ ಹಾಕ್ಕೊಂಡು ಕಟಕಟ ಅಗಿದು, ಹಿಮ ಸದ್ದಿಲ್ಲದೆ ಬೀಳುತ್ತೆ ಅಂತ ನೀನೇ ಹೇಳಿದ್ದೆ, ಇದು ನಮ್ಮ ಮಡಕೆಗಳನ್ನೆಲ್ಲ ಒಡೆದು ಹಾಕಿದೆ, ಹೋಗು ಕೆಲಸ ನೋಡು ಅಂದ್ಲು. ಎರಡನೇ ವರ್ಷ ಊರ ಮುಂದಿನ ಬೂರುಗದ ಮರದ ಕಾಯಿ ಒಡೆದು ಬೀದಿ ತುಂಬ ಬೆಳ್ಳಗೆ ಅರಳೆ ತೇಲಾಡ್ತು. ಸದ್ದಿಲ್ಲದೆ ಬೀಳ್ತಿದೆ ನೋಡಿ ಅಂದ್ರೆ, ಇದರಲ್ಲಿ ತಣ್ಣಗಿರೋದು ಯಾವುದೇ, ನನ್ನ ದಿಂಬೂ ಹಿಮಾನಾ ಹಂಗಾದ್ರೆ ಅಂತ ಸಣ್ಣೀರವ್ವ ಮುಖ ತಿರುವಿದ್ಲು. ಮೂರನೇ ವರ್ಷ ಮಾಘದಲ್ಲಿ ಯಾವ ಮುದುಕರೂ ಕಂಡಿರದಂಥ ಚಳಿ ಬಂತಂತೆ. ಬೆಳಗ್ಗೆ ಎದ್ದು ನೋಡಿದ್ರೆ ರಾಗಿ ಕೂಳೆ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಹೊಲವೇ ಬೆಳ್ಳಗಿತ್ತು. ತಣ್ಣಗಿದೆ, ಸದ್ದು ಮಾಡಿಲ್ಲ, ಈಗೇನಂತೀರಿ ಅಂದ್ಲು ಜಮುನಿ. ಇದೂ ಹಿಮ ಅಲ್ಲ ಅಂದ್ಲು ಸಣ್ಣೀರವ್ವ, ಯಾಕೆ ಅಂತ ಹೇಳೋಕೆ ಮಾತ್ರ ಬರಲಿಲ್ಲ.

ಜಮುನಿಗೆ ತಡೀಲಿಲ್ಲ. ಸೀದಾ ಹೋಗಿ ಗೌಡರ ಮುಂದೆ ನಿಂತ್ಲು. ಗೌಡ ಪಂಚಾಯ್ತಿ ಸೇರಿಸಿದ, ಬಾವಿಕಟ್ಟೆ ಹೆಂಗಸರು ಕೊಡ ಅಲ್ಲಲ್ಲೇ ಬಿಟ್ಟು ಓಡಿ ಬಂದ್ರು. ಆ ಊರಲ್ಲಿ ಒಂದು ಕಟ್ಟಳೆ, ಕಣ್ಣಾರೆ ಕಂಡಿರದ ವಸ್ತುವಿನ ಬಗ್ಗೆ ಯಾರೂ ಸಾಕ್ಷಿ ನುಡಿಯಂಗಿಲ್ಲ. ಜಮುನಿ ಅಂದ್ಲಂತೆ, ಗೌಡ್ರೇ, ನಮ್ಮತ್ತೆಮ್ಮ ಮೂರು ವರ್ಷದಿಂದ ಇದು ಹಿಮ ಅಲ್ಲ, ಅದು ಹಿಮ ಅಲ್ಲ ಅಂತಿದಾರೆ, ಅವರು ಹಿಮ ನೋಡಿದಾರಾ ಅಂತ ಕೇಳಿ. ಸಭೆ ಗೊಳ್ಳಂತು. ಸಣ್ಣೀರವ್ವನ ಮುಖ ಸುಟ್ಟ ಬದನೇಕಾಯಿ ಆಯ್ತು.

ಹಂಗಾದ್ರೆ ಈ ಊರಲ್ಲಿ ಹಿಮ ಕಂಡಿರೋಳು ನೀನೊಬ್ಬಳೇ ಕಣವ್ವಾ ಅಂದ ಗೌಡ, ನಿನ್ನ ಗಂಡ ಹೋದಾಗಲೂ ಬೇಸಿಗೆಯಂತೆ, ಹಿಮ ಬೀಳೋದು ಅವನೂ ಕಂಡಿಲ್ಲ. ಬಂಡಾರದ ಬಟ್ಟಲಿಗೆ ಕೈ ಇಟ್ಟು ನೀನೇ ಹೇಳು, ಇವತ್ತು ಹೊಲದಲ್ಲಿ ಬಿದ್ದಿರೋದು ಹಿಮಾನಾ? ಹೌದು ಅಂದ್ರೆ ಈಗಲೇ ಗಂಟು ಕಟ್ಟು.

ಜಮುನಿ ಕೈ ಇಟ್ಲು. ಒಂದೇ ಒಂದು ಮಾತು, ಹೌದು ಅಂದ್ರೆ ಅವ್ವನ ಮುಖ. ಬೊಮ್ಮಲಿಂಗ ಹೌದು ಅನ್ನೇ ಅಂತ ಕಣ್ಣಲ್ಲೇ ಹೇಳ್ತಿದ್ದ. ಅವಳ ಬೆರಳಿಗೆ ಅರಿಶಿನ ಅಂಟಿತು. ಆಮೇಲೆ ಅಳುತ್ತಾ ಅಳುತ್ತಾ, ಅಲ್ಲ ಗೌಡ್ರೇ, ಇದು ನೆಲದಲ್ಲೇ ಹೆಪ್ಪಾಗಿದ್ದು, ಹಿಮ ಆಕಾಶದಿಂದ ಬೀಳುತ್ತೆ, ಇದು ಹಿಮ ಅಲ್ಲ ಅಂದ್ಲಂತೆ.

ಸಣ್ಣೀರವ್ವ ಸೊಸೆಯನ್ನೇ ನೋಡಿದ್ಲು. ಅಲ್ಲಾ, ಒಂದು ಸುಳ್ಳು ಹೇಳಿದ್ರೆ ಹೋಗಬಹುದಿತ್ತು, ನಾನಾಗಿದ್ರೆ ಮೂರು ಹೇಳಿರ್ತಿದ್ದೆ ಅನ್ನಿಸ್ತೋ ಏನೋ, ಎದ್ದು ನಿಂತ್ಲು. ಆದ್ರೆ ಸೋತೆ ಅನ್ನೋಕೆ ಆ ಬಾಯಿ ಒಪ್ಪುತ್ತಾ? ಗೌಡ್ರೇ, ನಾಳೆ ಇನ್ನೊಂದು ಬಿದ್ರೆ ನ್ಯಾಯ ಹೇಳೋಕೆ ನಾನೂ ನೋಡಿರಬೇಕಲ್ಲ, ಆಣೆ ಮುರಿದಿದ್ದಕ್ಕೆ ದೇವರಿಗೆ ತಪ್ಪುಕಾಣಿಕೆ ನಾನೇ ಇಡ್ತೀನಿ, ನಡಿಯೇ ಜಮುನಿ, ಎಲ್ಲಿದೆ ನಿನ್ನ ಹಿಮ ತೋರಿಸು ಅಂದ್ಲಂತೆ. ಬಾವಿಕಟ್ಟೇಲಿ ಆರು ತಿಂಗಳಿಗಾಗೋ ಅಷ್ಟು ಮಾತು ಸಿಕ್ತು.

ಆಮೇಲೆ ಮೂರೂ ಜನ ಕತ್ತೆ ಹೊಡ್ಕೊಂಡು, ಕಂಬಳಿ ಮಾರ್ಕೊಂಡು, ಹೊಳೆ ದಾಟಿ ಕಾಡು ದಾಟಿ, ಮತ್ತೆ ಚಳಿಗಾಲ ಬರೋ ಹೊತ್ತಿಗೆ ಬೆಟ್ಟದೂರು ಮುಟ್ಟಿದ್ರಂತೆ. ಜಮುನಿಯ ಅವ್ವ ಬಾಗಿಲಲ್ಲೇ ಮಗಳ ಮುಖ ಎರಡೂ ಕೈಲಿ ಹಿಡ್ಕೊಂಡು, ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಹತ್ತಿರ ಹತ್ತಿರ ತಂದು ನೋಡಿದ್ಲು, ನೋಡಿದ್ಲು, ಕಪ್ಪಗಾಗಿದೀಯಲ್ಲೇ ಅಂತ ಅತ್ತಳು. ಸಣ್ಣೀರವ್ವ ಕತ್ತೆ ಬಾಲ ನೋಡ್ತಾ ನಿಂತಿದ್ಲು.

ಅವತ್ತೇ ಸಂಜೆ ಹಿಮ ಬಿತ್ತು. ಸದ್ದಿಲ್ಲ, ಗದ್ದಲ ಇಲ್ಲ, ಆಕಾಶವೇ ತುಪ್ಪಟ ಬಿಡಿಸಿ ಉದುರಿಸ್ದಂಗೆ. ಹುಟ್ಟಿದಾಗಿಂದ ಮುಚ್ಚದ ಸಣ್ಣೀರವ್ವನ ಬಾಯಿ ಮುಚ್ಚಿತಂತೆ! ಮಾರನೇ ದಿನದ ಹೊತ್ತಿಗೆ ಕಣಿವೆ ದಾರಿ ಮುಚ್ಚಿ ಹೋಯ್ತು, ಇನ್ನು ಮೂರು ತಿಂಗಳು ಯಾರೂ ಕದಲೋ ಹಂಗಿಲ್ಲ ಅಂದ್ಲು ಬೀಗಿತ್ತಿ. ಮೊದಲನೇ ತಿಂಗಳು ಸಣ್ಣೀರವ್ವ ಬೈದ್ಲು, ಎರಡನೇ ತಿಂಗಳು ಸುಮ್ಮನಾದ್ಲು, ಮೂರನೇ ತಿಂಗಳು ಒಲೆ ಮುಂದೆ ಕೂತು ಸುಡುಗಲ್ಲಿನ ಬಿಸಿಲು ನೆನೆಸ್ಕೊಂಡು ಮೂಗು ಒರೆಸ್ಕೊಂಡ್ಲು. ಜಮುನಿ ಬಿಸಿ ಎಣ್ಣೆ ಹಚ್ಚಿ ಅತ್ತೆ ಕಾಲು ತಿಕ್ತಾ, ಊರು ನೆನಪಾಗುತ್ತಾ ಅತ್ತೆಮ್ಮಾ ಅಂದ್ಲು. ಸಣ್ಣೀರವ್ವ ಬೆಂಕಿ ನೋಡ್ತಾ, ಹೋದೋರು ಬರಲ್ಲ ಅನ್ನೋ ಹೆದರಿಕೆ ಕಣೇ ನಂಗೆ ಅಂದ್ಲಂತೆ. ಬರೋ ಹಂಗೆ ಇಟ್ಕೊಂಡ್ರೆ ಬರ್ತಾರೆ ಅತ್ತೆಮ್ಮಾ ಅಂದ್ಲು ಜಮುನಿ, ತಿಕ್ಕೋದು ನಿಲ್ಲಿಸದೆ.

ಆಮೇಲೆ ಹಿಮ ಕರಗಿ ದಾರಿ ಬಿಡ್ತು. ಬೊಮ್ಮಲಿಂಗ ಕತ್ತೆಗೆ ಗಂಟು ಕಟ್ಟಿದ. ಸಣ್ಣೀರವ್ವ ಬಾಗಿಲಾಚೆ ನಿಂತ್ಲು. ಜಮುನಿ ಒಳಗೆ ಅವ್ವನ ಪಕ್ಕ ಕೂತಿದ್ಲು. ನಡಿಯೇ ಅಂತ ಕೂಗೋ ಹೆಂಗಸು, ಎರಡು ಸಲ ಬಾಯಿ ತೆರೆದು ಮುಚ್ಚಿ, ಸಣ್ಣ ದನೀಲಿ, ಬರ್ತೀಯೇನವ್ವಾ ನಮ್ಮನೆಗೆ ಅಂತ ಕೇಳಿದ್ಲಂತೆ. ಸಣ್ಣೀರವ್ವ ಜೀವಮಾನದಲ್ಲಿ ಸೊಸೆಯೊಬ್ಬಳನ್ನ ಕೇಳಿದ್ದು ಅದೇ ಮೊದಲು.

ಜಮುನಿ ಅವ್ವನ ಕೈ ಹಿಡಿದು ಎಬ್ಬಿಸಿ, ಬರ್ತೀನಿ ಅತ್ತೆಮ್ಮಾ, ಇವಳನ್ನೂ ಕರ್ಕೊಂಡೇ ಬರ್ತೀನಿ, ಬಿಸಿಲು ಕಾಯಿಸ್ಕೊಳ್ಳಲಿ ಅಂದ್ಲು. ಬರಲಿ ಬಿಡೇ, ನಂಗೂ ಜಗಳಕ್ಕೊಬ್ಬಳು ಬೇಕು ಅಂದ್ಲು ಸಣ್ಣೀರವ್ವ. ಸುಡುಗಲ್ಲಿಗೆ ಇವತ್ತಿಗೂ ಹಿಮ ಬಿದ್ದಿಲ್ಲವಂತೆ. ಬೀಗಿತ್ತಿಯರಿಬ್ಬರೂ ಜಗಲಿ ಮೇಲೆ ಕೂತು ಹರಟೆ ಹೊಡೆದ್ರು, ಜಮುನಿ ಮಗ್ಗದ ಮುಂದೆ ಕೂತು ನಕ್ಕಳು, ಕತೆಗೂ ನಿದ್ದೆ ಬಂತು, ಕಂಬಳಿ ಹೊದ್ಕೊಂಡು ಮುಗೀತು.